ಮೂರು ಹೆಸರೋ, ಒಂದೇ ಹೆಸರೋ

ತಂಗಿಯ ಮದುವೆಗೆ ಅಡ್ಡ ಬಂದದ್ದು ದೇವರು ಒಬ್ಬನೋ ಮೂವರೋ ಎಂಬ ಪ್ರಶ್ನೆ. ಹುಡುಗನಿಗೆ ಸ್ವಂತ ಜೆಸಿಬಿ ಇತ್ತು, ಹುಡುಗಿಗೆ ನರಸಿಂಹರಾಜಪುರದ ಒಂದು ಲ್ಯಾಬಿನಲ್ಲಿ ಕೆಲಸವಿತ್ತು, ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು, ಅಡುಗೆಯವರ ವಿಚಾರವೂ ಮಾತಿಗೆ ಬಂದಿತ್ತು. ಅಷ್ಟರಲ್ಲಿ, ಎಷ್ಟೋ ಶತಮಾನಗಳ ಹಿಂದೆ ಸಮುದ್ರದಾಚೆ ಗಡ್ಡದ ಮುದುಕರು ಕಚ್ಚಾಡಿ ಮುಗಿಸಿದ್ದ ಜಗಳವೊಂದು ಎದ್ದು ಬಂದು ಶೆಟ್ಟಿಕೊಪ್ಪದ ನಮ್ಮ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿತು.

ನಾನು ಕೊಪ್ಪದ ಒಂದು ಖಾಸಗಿ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ಓದಿದ್ದು ತತ್ವಶಾಸ್ತ್ರ. ಅದಕ್ಕೆ ಕೊಪ್ಪದಲ್ಲಿ ಗಿರಾಕಿ ಇಲ್ಲ. ಹುಟ್ಟಿದ್ದು ಕಥೋಲಿಕರ ಮನೆಯಲ್ಲಿ. ಅಜ್ಜ ಕರಾವಳಿಯಿಂದ ಘಾಟಿ ಹತ್ತಿ ಕಾಫಿ ಎಸ್ಟೇಟಿನ ಕೆಲಸಕ್ಕೆ ಬಂದವನು. ಅವನು ತಂದ ಕೊಂಕಣಿ ಈಗ ಅಮ್ಮನ ಜಪಮಾಲೆಯಲ್ಲಿ ಮಾತ್ರ ಉಳಿದಿದೆ. ಇಗರ್ಜಿಗೆ, ಅಂದರೆ ನಮ್ಮ ಚರ್ಚಿಗೆ, ಹೋಗುವುದನ್ನು ನಾನು ಓದುವ ದಿನಗಳಲ್ಲೇ ಬಿಟ್ಟೆ. ಬಿಟ್ಟದ್ದಕ್ಕೆ ಅಮ್ಮ ಅತ್ತಳು, ತಂಗಿ ನಕ್ಕಳು, ಅಪ್ಪ ತೀರಿಹೋಗಿದ್ದ.

ಹುಡುಗನ ಮನೆಯವರು ರಬ್ಬರ್ ಟ್ಯಾಪಿಂಗಿಗೆಂದು ಕೇರಳದಿಂದ ಬಂದವರು. ಬರುವಾಗ ಅವರಿಗೂ ಒಂದು ಹಳೆಯ ಚರ್ಚು ಇತ್ತು. ಇಲ್ಲಿಗೆ ಬಂದ ಮೇಲೆ ಅದನ್ನು ಬಿಟ್ಟು, ತಗಡಿನ ಶೆಡ್ಡಿನಲ್ಲಿ ಕೂಡುವ ಒಂದು ಸಭೆಗೆ ಸೇರಿದರು. ಸಭೆಯಲ್ಲಿ ಮೂರ್ತಿ ಇಲ್ಲ, ಮೇಣದ ಬತ್ತಿ ಇಲ್ಲ, ಯೇಸುವಿನ ತಾಯಿ ಮರಿಯಮ್ಮನಿಗೆ ಕೈಮುಗಿಯುವುದಿಲ್ಲ. ಮೈಕ್ ಮಾತ್ರ ಇದೆ. ಊರಿನ ಎಲ್ಲ ಧರ್ಮದವರೂ ಒಪ್ಪಿಕೊಂಡಿರುವ ಒಂದೇ ಸಿದ್ಧಾಂತ ಮೈಕ್ ಎಂದು ನನ್ನ ಅನಿಸಿಕೆ.

ಎರಡೂ ಕಡೆಯವರ ವ್ಯಾಜ್ಯ ನೀರಿನದು. ನಮ್ಮವರು ಹುಟ್ಟಿದ ಕೂಸಿನ ನೆತ್ತಿಗೆ ಮೂರು ಸಲ ನೀರು ಹೊಯ್ದು ಜ್ಞಾನಸ್ನಾನ ಎನ್ನುತ್ತಾರೆ. ಜ್ಞಾನ ಎಂಬುದು ಕೂಸಿಗೂ ಇರುವುದಿಲ್ಲ, ಹೊಯ್ಯುವವರಿಗೂ ಅಷ್ಟಕ್ಕಷ್ಟೆ. ಅವರು ಬೆಳೆದವನನ್ನು ಹೊಳೆಯಲ್ಲಿ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ ಎನ್ನುತ್ತಾರೆ. ನೆತ್ತಿಗೆ ಹೊಯ್ದದ್ದು ಅವರ ಲೆಕ್ಕದಲ್ಲಿ ಬರೀ ತಲೆ ಒದ್ದೆ. ಇಷ್ಟೇ ಆಗಿದ್ದರೆ ನಮ್ಮ ಫಾದರ್ ತಕರಾರು ಮಾಡುತ್ತಿರಲಿಲ್ಲ. ಮುಳುಗಿಸಿದರೂ ನಡೆಯುತ್ತದೆ, ಹೊಯ್ದರೂ ನಡೆಯುತ್ತದೆ. ಆದರೆ ನೀರು ಬೀಳುವಾಗ ತಂದೆ, ಮಗ, ಪವಿತ್ರಾತ್ಮ ಎಂದು ಮೂರೂ ಹೆಸರು ಹೇಳಿರಬೇಕು. ಹುಡುಗನ ಸಭೆಯ ಪಾಸ್ಟರ್ ಈಗ ಹೇಳುವುದು ಒಂದೇ ಹೆಸರು, ಯೇಸುವಿನದು. ಅವನ ಪ್ರಕಾರ ಮೂವರಿಲ್ಲ. ಯೇಸುವೇ ತಂದೆ, ಯೇಸುವೇ ಆತ್ಮ. ಒಂದು ಸುವಾರ್ತೆಯ ಕೊನೆಯಲ್ಲಿ ಮೂರು ಹೆಸರು ಇದೆ ಎಂದು ನಮ್ಮವರು ಬೆರಳಿಟ್ಟು ತೋರಿಸುತ್ತಾರೆ. ಅಪೊಸ್ತಲರ ಕಥೆಯಲ್ಲಿ ಒಂದೇ ಹೆಸರು ಇದೆ ಎಂದು ಅವನು ಇನ್ನೊಂದು ಪುಟಕ್ಕೆ ಬೆರಳಿಡುತ್ತಾನೆ. ಎರಡೂ ಒಂದೇ ಪುಸ್ತಕ. ಬರೆದವರು ಬರೆದು ಹೋದರು, ಬೆರಳುಗಳು ಉಳಿದವು.

ಒಂದೇ ಪುಸ್ತಕ ಎಂದೆ, ಅದೂ ಸರಿಯಲ್ಲ. ಹುಡುಗ ತಂಗಿಗೆ ಜಿಪ್ ಕವರಿನ ಒಂದು ಬೈಬಲ್ ಕೊಟ್ಟಿದ್ದ. ಅಮ್ಮ ಅದನ್ನು ಕನ್ನಡಕ ಹಾಕಿಕೊಂಡು ತಿರುವಿ, ಏಳು ಗ್ರಂಥ ಕಡಿಮೆ ಇದೆ ಎಂದು ಪತ್ತೆ ಮಾಡಿದಳು. ನಮ್ಮದರಲ್ಲಿ ಎಪ್ಪತ್ತಮೂರು, ಅವರದರಲ್ಲಿ ಅರವತ್ತಾರು. ಅವರ ಪ್ರಕಾರ ಆ ಏಳು ಮನುಷ್ಯರು ಬರೆದದ್ದು, ಮಿಕ್ಕಿದ್ದು ದೇವರು ಬರೆಸಿದ್ದು. ನಮ್ಮವರ ಪ್ರಕಾರ ಅವರು ಏಳನ್ನು ಹರಿದು ಬಿಸಾಕಿದವರು. ಯಾವುದು ದೇವರದು, ಯಾವುದು ಮನುಷ್ಯರದು ಎಂದು ಮತ ಹಾಕಿ ತೀರ್ಮಾನಿಸಿದವರೂ ಮನುಷ್ಯರೇ ಎಂದು ನಾನು ಊಟದ ಹೊತ್ತಿನಲ್ಲಿ ಉಪನ್ಯಾಸ ಶುರುಮಾಡಿದೆ. ಅಮ್ಮ ನನ್ನ ತಟ್ಟೆಗೆ ಸಾರು ಬಡಿಸಿದಳು. ಅವಳಿಗೆ ಚಿಂತೆ ಇದ್ದದ್ದು ಒಂದೇ ಕಡೆ. ಸತ್ತವರಿಗಾಗಿ ಪ್ರಾರ್ಥಿಸಬೇಕು ಎಂಬ ಮಾತು ಆ ಏಳರಲ್ಲಿ ಒಂದರಲ್ಲಿದೆ. ಅಪ್ಪನ ಆತ್ಮ ಇನ್ನೂ ಶುದ್ಧವಾಗುವ ಜಾಗದಲ್ಲಿದೆ ಎಂದು ಅವಳು ನಂಬಿದ್ದಾಳೆ. ವರ್ಷವರ್ಷ ಇಗರ್ಜಿಯಲ್ಲಿ ಅವನ ಹೆಸರಿಗೆ ಪೂಜೆ ಮಾಡಿಸುತ್ತಾಳೆ.

"ಅವರ ಪುಸ್ತಕದಲ್ಲಿ ನಿನ್ನ ಅಪ್ಪನಿಗೆ ಜಾಗವೇ ಇಲ್ಲ," ಅಂದಳು ತಂಗಿಗೆ. "ನಾನು ಹೋದ ಮೇಲೆ ಅಪ್ಪನಿಗಾಗಿ ಪ್ರಾರ್ಥನೆ ಮಾಡೋರು ಯಾರು? ಇವನಾ?"

ಇವನು ಎಂದರೆ ನಾನು. ಆದ್ದರಿಂದ ಮದುವೆ ನಮ್ಮ ಇಗರ್ಜಿಯಲ್ಲೇ ಆಗಬೇಕು, ತಂಗಿ ನಮ್ಮಲ್ಲೇ ಉಳಿಯಬೇಕು. ಇಲ್ಲವಾದರೆ ತಾನು ಮದುವೆಗೆ ಬರುವುದಿಲ್ಲ ಎಂದು ಅಮ್ಮ ಮೊದಲೇ ಹೇಳಿದ್ದಳು. ಅಮ್ಮ ಇಲ್ಲದ ಮದುವೆ ತನಗೂ ಬೇಡ ಎಂದು ತಂಗಿ ಹೇಳಿದ್ದಳು.

ಫಾದರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ, ನಿಯಮ ಹೇಳುವಾಗ ಮಾತ್ರ ತಾಲ್ಲೂಕು ಕಚೇರಿಯ ಗುಮಾಸ್ತರಂತೆ ಕಾಣುತ್ತಿದ್ದರು. ದಾರಿ ಎರಡು ಎಂದರು. ಹುಡುಗನಿಗೆ ಮೂರು ಹೆಸರಿನ ಸ್ನಾನ ಆಗಿದ್ದರೆ ಅವನು ಕ್ರೈಸ್ತ, ಅನುಮತಿ ಸುಲಭ. ಆಗಿಲ್ಲವಾದರೆ ಅವನು ಕ್ರೈಸ್ತನೇ ಅಲ್ಲ. ಅನ್ಯಧರ್ಮದವನನ್ನು ಮದುವೆಯಾದಂತೆ ಬಿಷಪ್ಪರಿಂದ ವಿಶೇಷ ವಿನಾಯಿತಿ ತರಬೇಕು. ಹುಡುಗ ಈ ಎರಡನೆಯದನ್ನು ಕೇಳಿ ಎದ್ದು ನಿಂತ. ತಾನು ನೀರಿನಲ್ಲಿ ಹಳೆಯ ಬದುಕಿಗೆ ಸತ್ತು ಎದ್ದವನು, ತನ್ನನ್ನು ಸ್ನಾನವಾಗದವನು ಎಂದು ಬರೆದರೆ ಆ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದ. ಯಾವ ಹೆಸರು ಹೇಳಿದರು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ಮೂಗಿಗೆ ನೀರು ಹೋಗಿದ್ದು ಮಾತ್ರ ನೆನಪಿದೆಯಂತೆ. ಸಭೆಯವರು ಸರ್ಟಿಫಿಕೇಟ್ ಕೊಡುವುದಿಲ್ಲ, ಪರಲೋಕದಲ್ಲಿ ಹೆಸರು ಬರೆದಿದೆ ಎನ್ನುತ್ತಾರೆ. ಅವನ ಅಪ್ಪ ಅಮ್ಮ ಪಾಸ್ಟರ್ ಏನು ಹೇಳಿದರೆ ಅದನ್ನೇ ಹೇಳುವವರು. ಹಾಗಾಗಿ ಸಭೆಗೆ ಸೇರದ, ಕಣ್ಣಾರೆ ಕಂಡ ಒಬ್ಬ ಸಾಕ್ಷಿ ಸಾಕು ಎಂದರು ಫಾದರ್.

"ಅಣ್ಣ ಅಲ್ಲಿದ್ದ," ಅಂದಳು ತಂಗಿ.

ಹೌದು, ಇದ್ದೆ. ಪಿಯುಸಿ ಓದುವಾಗ ಒಂದು ಭಾನುವಾರ ಭದ್ರಾ ಹಿನ್ನೀರಿನ ದಂಡೆಗೆ ತಮಾಷೆ ನೋಡಲು ಹೋಗಿದ್ದೆ. ಬೇಸಿಗೆ. ನೀರು ಇಳಿದು ಸತ್ತ ಮರಗಳ ಬೊಡ್ಡೆಗಳು ಎದ್ದಿದ್ದವು. ಬಿಳಿ ಅಂಗಿಯ ಆರೇಳು ಜನ ಸಾಲಾಗಿ ನಿಂತಿದ್ದರು. ಅವರಲ್ಲಿ ಈ ಹುಡುಗನೂ ಒಬ್ಬ, ಚಳಿಗೆ ಹಲ್ಲು ಕಟಕಟಿಸುತ್ತಿದ್ದ. ಬೇಸಿಗೆಯಲ್ಲಿ ಹಲ್ಲು ಯಾಕೆ ಕಟಕಟಿಸುತ್ತಿದ್ದ ಎಂದು ಈಗ ಅನುಮಾನ ಬರುತ್ತದೆ. ಪಾಸ್ಟರ್ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದ. ಅವನು ಮೊದಲು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಕೊಪ್ಪ ಶೃಂಗೇರಿ ಕೂಗಿ ಪಳಗಿದ ಗಂಟಲು, ದಂಡೆಗೆಲ್ಲ ಕೇಳುತ್ತಿತ್ತು. ಆಮೇಲೆ ಹಾಸ್ಟೆಲಿನಲ್ಲಿ ಎಷ್ಟೋ ವರ್ಷ ನಾನು ಇದನ್ನು ಅಭಿನಯಿಸಿ ಗೆಳೆಯರನ್ನು ನಗಿಸಿದ್ದೇನೆ. ಮನೆಯಲ್ಲೂ ಮಾಡಿ ತೋರಿಸಿದ್ದೇನೆ. ನಗು ಹೆಚ್ಚು ಬಂದ ಕಡೆ ಉಪ್ಪು ಖಾರ ಹೆಚ್ಚು ಹಾಕಿದ್ದೇನೆ. ಈಗ ಆ ದಂಡೆ ಯಾವುದು, ಹಾಸ್ಟೆಲಿನ ರೂಮು ಯಾವುದು ಎಂದು ನನಗೇ ಬಿಡಿಸಲಾಗುವುದಿಲ್ಲ.

ಒಂದು ವಾರ ಸಮಯ ಕೇಳಿದೆ. ನಗು ಬರುತ್ತಿತ್ತು. ದೇವರೇ ಇಲ್ಲ ಎನ್ನುವವನ ನೆನಪಿನ ಮೇಲೆ ದೇವರು ಮೂವರೋ ಒಬ್ಬನೋ ಎಂಬುದು ನಿಂತಿತ್ತು, ಅದರ ಮೇಲೆ ನನ್ನ ತಂಗಿ.

ಕಾಲೇಜಿನಲ್ಲಿ ಸಂಸ್ಕೃತ ಕಲಿಸುವವನು ಶೃಂಗೇರಿಯಿಂದ ದಿನಾ ಬಸ್ಸಿಗೆ ಬರುತ್ತಾನೆ. ಪುರೋಹಿತರ ಮನೆಯವನು, ನನಗೆ ಸಲಿಗೆ. ಕ್ಯಾಂಟೀನಿನಲ್ಲಿ ಅವನಿಗೆ ಕಥೆ ಹೇಳಿದೆ. ಅವನಿಗೆ ಬಹಳ ಸಂತೋಷವಾಯಿತು.

"ನಮ್ಮಲ್ಲಿ ಮಂತ್ರದ ಸ್ವರ ತಪ್ಪಿದ್ರೆ ಮಾಡಿದವನಿಗೇ ತಿರುಗ್ತದೆ ಅಂತಾರೆ," ಎಂದ. "ನಿಮ್ಮಲ್ಲಿ ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ ಮಾರಾಯ. ನೀವು ಬರೀ ಕೇಕು ಅಂದ್ಕೊಂಡಿದ್ದೆ."

ನಿನ್ನ ಮಂತ್ರ ಅರ್ಥವಾಗದೆ ಹೇಳುವುದು, ಇವರದು ಅರ್ಥವಾಗಿ ಜಗಳವಾಡುವುದು, ಎರಡರಲ್ಲಿ ನಿಂದೇ ವಾಸಿ ಎಂದೆ. ಅವನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ನನ್ನ ಕಾಫಿಯ ದುಡ್ಡನ್ನೂ ಕೊಟ್ಟ.

ಪಾಸ್ಟರ್ ಈಗ ಬಸರೀಕಟ್ಟೆ ಕಡೆ ಇದ್ದಾನೆಂದು ಹುಡುಗ ಹೇಳಿದ. ಶನಿವಾರ ಜೀಪು ಹತ್ತಿ ಹೋದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಹಿಂದೆ ಒಂದು ಬಾಡಿಗೆ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಒರಗಿಸಿಟ್ಟ ಗಿಟಾರ್. ಅವನು ಮುದುಕನಾಗಿದ್ದ, ಗಂಟಲು ಮಾತ್ರ ಹಾಗೇ ಇತ್ತು. ನಾನು ಬಂದ ಕಾರಣ ಹೇಳಿದೆ. ಅವನಿಗೆ ವಿಷಯ ಮೊದಲೇ ಗೊತ್ತಿತ್ತು.

ಅವನು ಹೇಳಿದ್ದರ ಸಾರ ಇಷ್ಟು. ಮೊದಮೊದಲು ಅವನೂ ಕುರುಡನಾಗಿದ್ದ, ಮೂರು ಹೆಸರು ಹೇಳಿ ಮುಳುಗಿಸುತ್ತಿದ್ದ. ಒಂದು ದಿನ ಬೆಳಕು ಸಿಕ್ಕಿತು, ಅಂದಿನಿಂದ ಒಂದೇ ಹೆಸರು. ಕುರುಡುತನದಲ್ಲಿ ಮುಳುಗಿಸಿದವರಲ್ಲಿ ನೆನಪಿಗೆ ಬಂದವರನ್ನೆಲ್ಲ ಮತ್ತೆ ಕರೆದು ಸರಿಯಾಗಿ ಮುಳುಗಿಸಿದ್ದಾನೆ. ಹಾಗಾದರೆ ಈ ಹುಡುಗನನ್ನು ಮುಳುಗಿಸಿದ್ದು ಬೆಳಕು ಬರುವ ಮೊದಲೋ, ಬಂದ ಮೇಲೋ ಎಂದು ಕೇಳಿದೆ. ದೇವರು ತನ್ನೊಂದಿಗೆ ನೇರವಾಗಿ ಮಾತಾಡಿದ ದಿನ ಯಾವ ವರ್ಷದ್ದು ಎಂದು ಅವನಿಗೆ ನೆನಪಿರಲಿಲ್ಲ.

"ನೀನು ಅಲ್ಲೇ ಇದ್ಯಲ್ಲ," ಎಂದ ಕೊನೆಗೆ. "ಒಂದೇ ಹೆಸರು ಕೇಳಿದೆ ಅಂತ ಹೇಳು. ಹುಡುಗ ಉಳೀತಾನೆ. ಮೂರು ಕೇಳಿದೆ ಅಂದ್ರೆ ನಾನು ಅವನನ್ನ ಮತ್ತೆ ನೀರಿಗೆ ಇಳಿಸಬೇಕಾಗ್ತದೆ. ಅವನು ಬರೋದಿಲ್ಲ. ಹಠಮಾರಿ."

ಜೀಪಿನಲ್ಲಿ ವಾಪಸು ಬರುವಾಗ ಇದರ ಅಂದ ನನಗೆ ಪೂರ್ತಿ ತಿಳಿಯಿತು. ಮೂರು ಹೆಸರು ಎಂದರೆ ಫಾದರಿಗೆ ಅವನು ಕ್ರೈಸ್ತ, ಪಾಸ್ಟರಿಗೆ ಅಲ್ಲ. ಒಂದು ಹೆಸರು ಎಂದರೆ ಪಾಸ್ಟರಿಗೆ ಕ್ರೈಸ್ತ, ಫಾದರಿಗೆ ಅಲ್ಲ. ಹೇಗೆ ಹೇಳಿದರೂ ಒಬ್ಬರಲ್ಲ ಒಬ್ಬರ ಲೆಕ್ಕದಲ್ಲಿ ಅವನು ಇನ್ನೂ ಒಣಗಿದ್ದಾನೆ. ಆಕಾಶ, ನಕ್ಷತ್ರ, ಭೂಮಿ ಎಲ್ಲ ಮಾಡಿ ಮುಗಿಸಿದವನು ಒಬ್ಬ ಜೆಸಿಬಿ ಡ್ರೈವರನ ವಿಚಾರದಲ್ಲಿ ಕಂಡಕ್ಟರನ ಬಾಯಿಗೆ ಕಿವಿಗೊಟ್ಟು ಕೂತಿದ್ದಾನೆಂದು ಇಬ್ಬರೂ ನಂಬಿದ್ದರು. ಇಂಥ ದೇವರನ್ನು ನಂಬದಿರುವುದು ಅವನಿಗೆ ತೋರಿಸಬಹುದಾದ ಕನಿಷ್ಠ ಮರ್ಯಾದೆ.

ಮರುದಿನ ತಂಗಿ ನನ್ನನ್ನು ಹಿತ್ತಿಲಲ್ಲಿ ಹಿಡಿದಳು. ಬಟ್ಟೆ ಒಣಹಾಕುತ್ತಿದ್ದಳು. ಪಾಸ್ಟರ್ ಏನಂದ ಎಂದು ಕೇಳಿದಳು, ಹೇಳಿದೆ. ನನಗೆ ನಿಜವಾಗಿ ನೆನಪಿಲ್ಲ ಎಂದೂ ಹೇಳಿದೆ.

"ಮೂರು ಅಂತ ಹೇಳು," ಎಂದಳು.

"ಬೈಬಲ್ ಮುಟ್ಟಿ ಹೇಳಬೇಕು."

"ನೀನು ನಂಬೋದಿಲ್ಲ ಅಲ್ದಾ? ಅದು ಬರೀ ಪುಸ್ತಕ ಅಂತೀಯ. ಪುಸ್ತಕ ಮುಟ್ಟಿ ಒಂದು ಮಾತು ಹೇಳೋಕೆ ನಿಂಗೆ ಎಂತ ಕಷ್ಟ? ನಂಬೋರಿಗಾದ್ರೆ ಕಷ್ಟ."

ತರ್ಕ ಸರಿಯಾಗಿತ್ತು. ಕ್ಲಾಸಿನಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಶಹಬ್ಬಾಸ್ ಎನ್ನುತ್ತಿದ್ದೆ. ಆದರೆ ನನ್ನಲ್ಲಿ ಉಳಿದಿರುವುದು ಇದೊಂದೇ ಆಸ್ತಿ, ಗೊತ್ತಿಲ್ಲದ್ದನ್ನು ಗೊತ್ತು ಎನ್ನದಿರುವುದು. ಅವರೆಲ್ಲರಿಗಿಂತ ನಾನು ಮೇಲು ಎಂದುಕೊಳ್ಳುವುದಕ್ಕೆ ಬೇರೆ ಆಧಾರವಿಲ್ಲ. ಇದನ್ನು ಅವಳಿಗೆ ಬೇರೆ ಮಾತಿನಲ್ಲಿ ಹೇಳಲು ನೋಡಿದೆ. ಅವಳು ಒದ್ದೆ ಬೆಡ್‌ಶೀಟನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ವಾರ ಮುಗಿದ ದಿನ ಇಗರ್ಜಿಯ ಪಕ್ಕದ ಫಾದರ್ ಕೋಣೆಯಲ್ಲಿ ನಾವು ಐದು ಜನ ಕೂತಿದ್ದೆವು: ಫಾದರ್, ಹುಡುಗ, ತಂಗಿ, ಅಮ್ಮ, ನಾನು. ಮೇಜಿನ ಮೇಲೆ ದಪ್ಪ ಬೈಬಲ್ ಇತ್ತು, ಏಳು ಗ್ರಂಥ ಸೇರಿದ್ದು. ಅಮ್ಮ ಮಡಿಲಲ್ಲಿ ಜಪಮಾಲೆ ಇಟ್ಟುಕೊಂಡು ಮೂಲೆಯಲ್ಲಿದ್ದಳು. ಫಾದರ್ ನನ್ನನ್ನು ಕೇಳಿದರು.

ನಾನು ಹೇಳಿದೆ. ಕಣ್ಣು ಮುಚ್ಚಿದರೆ ಪಾಸ್ಟರ್ ನೀರಿನಲ್ಲಿ ನಿಂತು ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಎನ್ನುವುದು ಸ್ಪಷ್ಟವಾಗಿ ಕೇಳಿಸುತ್ತದೆ. ತಂಗಿಯ ಮುಖ ಅರಳಿತು. ಆದರೆ ಪಿತ, ಸುತ ಎನ್ನುವುದು ನಮ್ಮ ಇಗರ್ಜಿಯ ಮಾತು. ಸಭೆಯವರು ಸತ್ತರೂ ಹಾಗೆ ಹೇಳುವವರಲ್ಲ, ಅವರದು ತಂದೆ, ಮಗ. ಅಂದರೆ ನನಗೆ ಕೇಳಿಸುತ್ತಿರುವುದು ಆ ದಂಡೆಯ ಮಾತಲ್ಲ. ಚಿಕ್ಕಂದಿನಿಂದ ಊಟಕ್ಕೆ ಮೊದಲು, ಮಲಗುವ ಮೊದಲು ಅಮ್ಮ ಹೇಳಿಸಿದ ಮಾತನ್ನು ನಾನು ಆ ಮನುಷ್ಯನ ಬಾಯಿಗೆ ತುರುಕಿದ್ದೇನೆ. ಅವನು ಮೂರು ಹೇಳಿರಬಹುದು, ಒಂದು ಹೇಳಿರಬಹುದು. ನಾನು ಸಾಕ್ಷಿಯಾಗಲಾರೆ.

ತಂಗಿ ನನ್ನನ್ನು ನೋಡಲಿಲ್ಲ. ಫಾದರ್ ಮಾತ್ರ ಗೆಲುವಾದರು. ಸಂಶಯವಿದ್ದರೆ ಅದಕ್ಕೂ ಕ್ರಮವಿದೆ ಎಂದರು. 'ನಿನಗೆ ಸ್ನಾನ ಆಗಿರದಿದ್ದರೆ' ಎಂದು ಮೊದಲಿಗೆ ಸೇರಿಸಿ, ಮಿಕ್ಕಿದ್ದು ಯಥಾಪ್ರಕಾರ ಹೇಳಿ ತಲೆಗೆ ನೀರು ಹೊಯ್ಯುವುದು. ಆಗಿದ್ದರೆ ಇದು ಲೆಕ್ಕಕ್ಕಿಲ್ಲ, ಆಗಿರದಿದ್ದರೆ ಆಯಿತು. ನನಗೆ ಆ ಒಂದು 'ದ್ದರೆ' ಬಹಳ ಹಿಡಿಸಿತು. ಇಷ್ಟು ವರ್ಷದಲ್ಲಿ ಧರ್ಮದವರ ಬಾಯಿಂದ ಒಂದಾದರೂ ಪ್ರಾಮಾಣಿಕ ವಾಕ್ಯ ಕೇಳಿದೆ ಎನಿಸಿತು.

ಹುಡುಗನಿಗೆ ಅದು ಬೈದಂತಾಯಿತು. "ದೇವರ ಮುಂದೆ ನಿಂತು ಅನುಮಾನದಲ್ಲಿ ನೀರು ಹೊಯ್ತೀರಾ ಫಾದರ್? ನಾನು ಎರಡನೇ ಸಲ ಇಳಿಯೋದಿಲ್ಲ. ನಿಮ್ಮ ನೀರಿಗೂ ಇಲ್ಲ, ಪಾಸ್ಟರ್ ನೀರಿಗೂ ಇಲ್ಲ. ಒಂದು ಸಲ ಸತ್ತವನು ಎಷ್ಟು ಸಲ ಸಾಯ್ತಾನೆ?" ಎಂದು ತಂಗಿಯ ಕಡೆ ತಿರುಗಿದ. "ನೀನೇ ಹೇಳು. ಮದುವೆ ಬೇಡ ಅಂದ್ರೆ ನಾನು ಎದ್ದು ಹೋಗ್ತೀನಿ."

ಹೊರಗೆ ಯಾರೋ ಬೈಕ್ ಕಿಕ್ ಹೊಡೆಯುತ್ತಿದ್ದರು, ಸ್ಟಾರ್ಟ್ ಆಗುತ್ತಿರಲಿಲ್ಲ. ತಂಗಿ ಅಳುತ್ತಿದ್ದಳು. ನಾನು ಸರಿಯಾದದ್ದನ್ನೇ ಮಾಡಿದ್ದೆ. ಅದರ ಫಲ ನನ್ನೆದುರಿಗೇ ಕೂತಿತ್ತು.

ಆಗ ಅಮ್ಮ ಮೂಲೆಯಿಂದ ಮಾತಾಡಿದಳು. "ನಾನು ಕೇಳಿದ್ದೀನಿ ಫಾದರ್. ಮೂರೂ ಹೆಸರು ಹೇಳಿದ್ರು."

ನೀವು ಅಲ್ಲಿದ್ದಿರಾ ಎಂದು ಫಾದರ್ ಕೇಳಿದರು. ಇದ್ದೆ ಎಂದಳು. "ಇವನು ಪೂಜೆ ತಪ್ಪಿಸಿ ಅಲ್ಲಿಗೆ ಹೋಗಿದ್ದ. ಗೊತ್ತಾಗಿ, ಎಳ್ಕೊಂಡು ಬರೋಕೆ ಹೋಗಿದ್ದೆ. ಬಿದಿರು ಮೆಳೆಯ ಹತ್ತಿರ ನಿಂತಿದ್ದೆ. ಸಾಲಿನಲ್ಲಿ ಈ ಹುಡುಗ ಎರಡನೆಯವನು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಅಂದ್ರು ಪಾಸ್ಟರ್." ಅವಳು ಸಭೆಯವರ ಮಾತಿನಲ್ಲೇ ಹೇಳಿದಳು, ನಮ್ಮದರಲ್ಲಲ್ಲ.

ಮುಟ್ಟಿ ಹೇಳುತ್ತೀರಾ ಎಂದರು ಫಾದರ್. ಅಮ್ಮ ಎದ್ದು ಬಂದಳು. ದೇವರಿಲ್ಲದ ನಾನು ಮುಟ್ಟಲು ಹೆದರಿದ ಪುಸ್ತಕದ ಮೇಲೆ, ಮಳೆ ಗಾಳಿ ಎನ್ನದೆ ಪೂಜೆಗೆ ಹೋಗುವ, ನರಕವನ್ನು ಪಕ್ಕದ ಊರಿನಷ್ಟೇ ನಿಜವೆಂದು ನಂಬಿದ ಹೆಂಗಸು ಅಂಗೈ ಊರಿ, ಅದನ್ನೇ ಮತ್ತೊಮ್ಮೆ ಹೇಳಿದಳು. ಫಾದರ್ ಬರೆದುಕೊಂಡರು.

ಆ ದಿನ ದಂಡೆಯಲ್ಲಿ ಅಮ್ಮ ಇದ್ದದ್ದು ನನಗೆ ನೆನಪಿಲ್ಲ. ಬಿದಿರು ಮೆಳೆ ನೆನಪಿಲ್ಲ, ಅವಳು ನನ್ನನ್ನು ಎಳೆದುಕೊಂಡು ಹೋದದ್ದು ನೆನಪಿಲ್ಲ. ಆದರೆ ನನ್ನ ನೆನಪಿಗೆ ಎಷ್ಟು ಬೆಲೆ ಎಂದು ನಾನೇ ಈಗಷ್ಟೇ ಎಲ್ಲರ ಮುಂದೆ ಸಾಬೀತು ಮಾಡಿದ್ದೆ.

ಶೆಟ್ಟಿಕೊಪ್ಪಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಕೂತೆ. ತಂಗಿ ಮತ್ತು ಹುಡುಗ ಹಿಂದೆ ಬೈಕಿನಲ್ಲಿ ಬರುತ್ತಿದ್ದರು. ನೀನು ಅಲ್ಲಿದ್ದದ್ದು ನನಗೆ ಗೊತ್ತೇ ಇಲ್ಲವಲ್ಲ ಎಂದೆ.

"ನಿಂಗೆ ಎಂತ ಗೊತ್ತು?" ಎಂದಳು.

"ಇಷ್ಟು ದಿನ ಯಾಕೆ ಹೇಳಲಿಲ್ಲ? ಅವಳು ಎಷ್ಟು ಅತ್ತಳು."

"ನನ್ನನ್ನ ಯಾರು ಕೇಳಿದ್ರು? ಎಲ್ಲ ನಿನ್ನನ್ನೇ ಕೇಳಿದ್ರು. ಓದಿದವನು ಅಂತ."

ಅದು ನಿಜ. ಯಾರೂ ಅವಳನ್ನು ಕೇಳಿರಲಿಲ್ಲ. ನಾನಂತೂ ಅವಳಿಗೆ ಅಡುಗೆ, ಜಪಮಾಲೆ ಬಿಟ್ಟು ಬೇರೆ ನೆನಪುಗಳಿರಬಹುದು ಎಂದುಕೊಂಡವನೇ ಅಲ್ಲ. ಆದರೆ ನಾನು ಮನೆಯಲ್ಲಿ ಪಾಸ್ಟರನನ್ನು ಅಭಿನಯಿಸಿ ತೋರಿಸಿದ ಸಂಜೆಗಳಲ್ಲಿ ಅವಳು ಅಲ್ಲೇ ಇದ್ದಳು. ತಾನೂ ನೋಡಿದ್ದೇನೆ ಎಂದು ಒಮ್ಮೆಯೂ ಅಂದಿರಲಿಲ್ಲ. ಅಥವಾ ಅಂದಿದ್ದಳೋ, ನಾನು ಕೇಳಿಸಿಕೊಳ್ಳಲಿಲ್ಲವೋ. ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಅವಳು ಕಿಟಕಿಯ ಕಡೆ ತಿರುಗಿ ಜಪ ಶುರುಮಾಡಿದಳು, ಕೊಂಕಣಿಯಲ್ಲಿ.

ಪಾಸ್ಟರ್ ಹುಡುಗನನ್ನು ಸಭೆಯಿಂದ ಹೊರಗಿಟ್ಟ. ಮತ್ತೆ ಮುಳುಗಿದರೆ ಒಳಗೆ ಎಂದು ಹೇಳಿ ಕಳಿಸಿದ, ಹುಡುಗ ಮುಳುಗಲಿಲ್ಲ. ಈಗ ಅವನು ಭಾನುವಾರ ಮನೆಯಲ್ಲೇ ತನ್ನ ಅರವತ್ತಾರು ಓದುತ್ತಾನೆ. ಪಾಸ್ಟರನ ಬಗ್ಗೆ ನನಗಿದ್ದ ಅಭಿಪ್ರಾಯ ಬದಲಾಗುವಂಥದ್ದೇನೂ ನಡೆಯಲಿಲ್ಲ.

ಮದುವೆಗೆ ಎರಡು ದಿನ ಮೊದಲು ಅಮ್ಮ ಪಾಪನಿವೇದನೆಗೆ, ಅಂದರೆ ಮಾಡಿದ ಪಾಪಗಳನ್ನು ಫಾದರಿಗೆ ಹೇಳಿಕೊಳ್ಳಲು, ಹೋದಳು. ಅದರಲ್ಲಿ ವಿಶೇಷವಿಲ್ಲ, ಪ್ರತಿ ತಿಂಗಳೂ ಹೋಗುವವಳು. ಸ್ಕೂಟರಿನಲ್ಲಿ ನಾನೇ ಬಿಟ್ಟೆ. ಹೊರಗೆ ಕಾಯುತ್ತಾ, ವರ್ಷಗಳಿಂದ ಮರೆತಿದ್ದ ಧರ್ಮೋಪದೇಶದ ಪಾಠ ಲೆಕ್ಕ ಹಾಕಿದೆ. ಸುಳ್ಳು ಆಣೆ ಮಹಾಪಾಪ. ಅವಳು ಆಣೆ ಸುಳ್ಳಾಗಿ ಇಟ್ಟಿದ್ದರೆ ಅದನ್ನು ಹೇಳಿ ಕ್ಷಮೆ ಪಡೆಯದೆ ಪೂಜೆಯಲ್ಲಿ ಪ್ರಸಾದ ಸ್ವೀಕರಿಸುವವಳಲ್ಲ. ಪಾಪ ಕೇಳಲು ಜಾಲರಿಯ ಹಿಂದೆ ಕೂತಿರುವುದು ಅದೇ ಫಾದರ್. ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ಆದರೆ ಅಲ್ಲಿ ಕೇಳಿದ್ದನ್ನು ಅವರು ಯಾರಿಗೂ ಹೇಳುವಂತಿಲ್ಲ, ಅದರ ಮೇಲೆ ಏನೂ ಮಾಡುವಂತಿಲ್ಲ, ಬರೆದದ್ದನ್ನು ಹೊಡೆದು ಹಾಕುವಂತಿಲ್ಲ, ಮದುವೆ ನಿಲ್ಲಿಸುವಂತಿಲ್ಲ. ಇಷ್ಟನ್ನೂ ಅಮ್ಮ ಮೊದಲೇ ಲೆಕ್ಕ ಹಾಕಿದ್ದಳೋ ಏನೋ. ಅಥವಾ ಅವಳು ನಿಜವಾಗಿಯೂ ಬಿದಿರು ಮೆಳೆಯ ಹತ್ತಿರ ನಿಂತಿದ್ದಳೋ.

ಅವಳು ಹೊರಗೆ ಬಂದು, ಮೀನು ತಗೊಂಡು ಹೋಗೋಣ ಎಂದಳು.

ಮದುವೆಯ ದಿನ ಹುಡುಗ ಕೋಟು ಹಾಕಿಕೊಂಡು ಸೆಖೆಗೆ ಒದ್ದಾಡುತ್ತಿದ್ದ. ತಂಗಿ ನನ್ನೊಂದಿಗೆ ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ, ಆದರೂ ಪೀಠದ ಕಡೆ ನಡೆಯುವಾಗ ಅಪ್ಪನ ಜಾಗದಲ್ಲಿ ನನ್ನ ತೋಳನ್ನೇ ಹಿಡಿದಳು. ಅಮ್ಮ ಮೊದಲ ಸಾಲಿನಲ್ಲಿ ಮೊಣಕಾಲೂರಿದ್ದಳು. ತಂಗಿಯನ್ನು ಅಲ್ಲಿ ಬಿಟ್ಟು ನಾನು ಪಕ್ಕಕ್ಕೆ ಸರಿದು ನಿಂತೆ. ಪೂಜೆ ಮುಗಿಯುವವರೆಗೂ ಫಾದರ್ ಮುಖವನ್ನೇ ನೋಡುತ್ತಿದ್ದೆ, ವಿಶೇಷವಾಗಿ ಅವರು ಅಮ್ಮನ ನಾಲಿಗೆಯ ಮೇಲೆ ಪ್ರಸಾದ ಇಡುವಾಗ. ಏನಾದರೊಂದು ಸುಳಿವು, ಕಣ್ಣಿನಲ್ಲಿ ಒಂದು ತಡವರಿಕೆ ಕಂಡೀತು ಎಂದು. ಅವರು ಎಲ್ಲರಿಗೂ ಕೊಟ್ಟಂತೆಯೇ ಅವಳಿಗೂ ಕೊಟ್ಟು, ಮುಂದಿನವರ ಕಡೆ ಹೋದರು.